ಸೆಕೆಂಡ್ ಹ್ಯಾಂಡ್ ಲೋಡ್ ಗಾಡಿ: ಪೆಟ್ರೋಲಾ, ಡೀಸೆಲ್ಲಾ?

ಹೋದ ಭಾನುವಾರ ಅರಕಲಗೂಡು ರಸ್ತೆಯ ಒಂದು ಊರಿಂದ ರೈತರೊಬ್ಬರು ಫೋನ್ ಮಾಡಿದ್ದರು. ಎರಡು ಎಕರೆಯಲ್ಲಿ ಬೀನ್ಸ್, ಟೊಮೆಟೊ, ಸೊಪ್ಪು, ಇನ್ನೊಂದು ಎಕರೆ ಶುಂಠಿ. ಹಾಸನಕ್ಕೆ 18 ಕಿಲೋಮೀಟರ್. ವಾರಕ್ಕೆ ಮೂರು ದಿನ ಮಾರ್ಕೆಟ್. ಬಾಡಿಗೆ ಗಾಡಿಯವರು ಟ್ರಿಪ್ಪಿಗೆ 900 ರೂಪಾಯಿ ತಗೊಳ್ತಾರಂತೆ. ಬೀನ್ಸ್ ರೇಟು ಬಿದ್ದ ದಿನ ಬಾಡಿಗೆ ಕೊಟ್ಟು ಉಳಿಯೋದು ಕೀಳೋ ಕೂಲಿಗೂ ಸಾಲಲ್ಲ. "ಮೂರು ಲಕ್ಷ ಜೋಡಿಸಿದ್ದೀನಿ ಸಾರ್. ಒಂದು ಹಳೇ ಗಾಡಿ ತಗೊಳ್ಳೋಣ ಅಂತ. ಯೂಟ್ಯೂಬಲ್ಲಿ ನೋಡಿದ್ರೆ ಎಳೆಯೋಕೆ ಗ್ಯಾಸ್ ಒಳ್ಳೇದು ಅಂತ ಒಬ್ಬ, ಡೀಸೆಲ್ ಒಳ್ಳೇದು ಅಂತ ಇನ್ನೊಬ್ಬ. ನೀವೇನಂತೀರಿ?"

ಇದೇ ಪ್ರಶ್ನೆ ಈ ವರ್ಷ ನಾಲ್ಕೈದು ಜನ ಕೇಳಿದ್ದಾರೆ. ಅದಕ್ಕೇ ಈ ವಾರ ಬೆಳೆ, ರೋಗ, ಗೊಬ್ಬರ ಎಲ್ಲ ಪಕ್ಕಕ್ಕಿಟ್ಟು ಗಾಡಿ ವಿಷಯ ಬರೀತಿದ್ದೀನಿ. ನಾನೂ ಈ ವಿಷಯದಲ್ಲಿ ಕೈ ಸುಟ್ಟುಕೊಂಡವನೇ.

ಮೊದಲು ಆ ವಿಡಿಯೋಗಳ ಗೊಂದಲ ತೀರಿಸೋಣ. ಅವು ಬಹುಪಾಲು ಅಮೆರಿಕದವು. ಅಲ್ಲಿ ಗ್ಯಾಸ್ ಅಂದ್ರೆ ನಮ್ಮ ಪೆಟ್ರೋಲ್, ಸಿಎನ್‌ಜಿ ಅಲ್ಲ. ಅವರ ಪಿಕಪ್ಪುಗಳು ಎರಡು ಟನ್ ಮೀರಿದ ದೊಡ್ಡ ಗಾಡಿಗಳು, ಹಿಂದೆ ಕುದುರೆ ಟ್ರೇಲರ್, ದೋಣಿ ಕಟ್ಟಿಕೊಂಡು ನೂರಾರು ಮೈಲಿ ಹೋಗ್ತಾರೆ. ಅಲ್ಲಿ ಸಾಮಾನ್ಯವಾಗಿ ಪೆಟ್ರೋಲಿಗಿಂತ ಡೀಸೆಲ್ಲೇ ದುಬಾರಿ. ಅವರ ಲೆಕ್ಕ ತಂದು ಹಾಸನ ಮಾರ್ಕೆಟ್ಟಿಗೆ 30 ಕ್ರೇಟ್ ಟೊಮೆಟೊ ಒಯ್ಯೋ ನಮಗೆ ಹಾಕಿದರೆ ಕೂಡಿ ಬರಲ್ಲ.

ಎರಡನೆಯದು, ಟ್ರೇಲರ್ ಎಳೆಯೋ ಆಸೆ. ಪಿಕಪ್ ಹಿಂದೆ ಕೊಕ್ಕೆ ಬೆಸುಗೆ ಹಾಕಿಸಿ ಟಿಲ್ಲರ್ ಟ್ರೇಲರ್ ಸಿಕ್ಕಿಸಿಕೊಂಡು ಹೋಗಬಹುದಲ್ಲ ಅಂತ ಕೆಲವರು ಕೇಳ್ತಾರೆ. ಬೇಡ. ಟ್ರೇಲರ್‌ಗೂ ಪ್ರತ್ಯೇಕ ನೋಂದಣಿ ಬೇಕು. ಆರ್‌ಸಿಯಲ್ಲಿ ಇಲ್ಲದ ಥರ ಗಾಡಿ ಮಾರ್ಪಡಿಸೋದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಿಡಲ್ಲ. ಅಪಘಾತವಾದರೆ ಇನ್ಶೂರೆನ್ಸ್‌ನವರಿಗೆ ಅಷ್ಟೇ ನೆಪ ಸಾಕು. ಇದಕ್ಕಿಂತ ಮುಖ್ಯ ಅಂದ್ರೆ ನಮ್ಮ ಕಡೆಯ ಎಷ್ಟೋ ಟ್ರೇಲರ್‌ಗಳಿಗೆ ಬ್ರೇಕೇ ಇರಲ್ಲ. ಇಳಿಜಾರಲ್ಲಿ ಹಿಂದಿನ ಭಾರ ಮುಂದಿನ ಗಾಡಿಯನ್ನ ತಳ್ಳುತ್ತೆ. ಪವರ್ ಟಿಲ್ಲರ್ ಸುಮಾರು ನಾಲ್ಕೈದು ಕ್ವಿಂಟಾಲ್ ತೂಗುತ್ತೆ. ಎರಡು ಹಲಗೆ ಇಟ್ಟು ಬಾಡಿ ಮೇಲೇ ಹತ್ತಿಸಿ, ಹಗ್ಗ ಬಿಗಿದು ಒಯ್ಯಿರಿ. ಟ್ರೇಲರ್ ಎಳೆಯೋಕೆ ಟ್ರ್ಯಾಕ್ಟರ್ ಇದೆ. ಹಾಗಾಗಿ ಇಲ್ಲಿ ನಾನು ಹೇಳೋದೆಲ್ಲ ಬೆನ್ನ ಮೇಲೆ ಹೊರೋ ಭಾರದ ವಿಷಯ.

ಈಗ ಡೀಸೆಲ್ ಮೇಲಿನ ನಂಬಿಕೆ. "ಲೋಡ್ ಗಾಡಿ ಅಂದ್ರೆ ಡೀಸೆಲ್ಲೇ ಕಣಪ್ಪ" ಅಂತ ನಮ್ಮಪ್ಪ ಈಗಲೂ ಹೇಳ್ತಾರೆ. ಅವರ ಕಾಲಕ್ಕೆ ಅದು ಸರಿ ಇತ್ತು. ಪೆಟ್ರೋಲ್ ದರದ ಸರ್ಕಾರಿ ನಿಯಂತ್ರಣ 2010ರ ಜೂನ್‌ನಲ್ಲಿ ಹೋಯ್ತು, ಡೀಸೆಲ್ಲಿನದು ಹೋಗಿದ್ದು 2014ರ ಅಕ್ಟೋಬರ್‌ನಲ್ಲಿ. ಆ ನಡುವಿನ ವರ್ಷಗಳಲ್ಲಿ ಎರಡರ ಅಂತರ ದೊಡ್ಡದಿತ್ತು, ಡೀಸೆಲ್ ಗಾಡಿ ತಗೊಂಡವನೇ ಜಾಣ. ಈಗ ಪೆಟ್ರೋಲ್ 103ರ ಹತ್ತಿರ, ಡೀಸೆಲ್ 91ರ ಹತ್ತಿರ ಅಂತ ಇಟ್ಕೊಳ್ಳಿ. ಲೀಟರಿಗೆ 12 ರೂಪಾಯಿ ವ್ಯತ್ಯಾಸ. ಲೀಟರ್ ಲೆಕ್ಕದಲ್ಲಿ ಡೀಸೆಲ್‌ನಲ್ಲಿ ಶಕ್ತಿ ಹೆಚ್ಚು, ಇಂಜಿನ್ನೂ ಹೆಚ್ಚು ಒತ್ತಡದಲ್ಲಿ ಉರಿಸೋದರಿಂದ ಮೈಲೇಜ್ ಈಗಲೂ ಜಾಸ್ತಿ. ಅದು ಸುಳ್ಳಲ್ಲ. ಆದರೆ ಆ ಉಳಿತಾಯ ಕೈಗೆ ಬರಬೇಕಾದ್ರೆ ಗಾಡಿ ಓಡಬೇಕು.

ಅವರ ಲೆಕ್ಕವನ್ನೇ ಹಾಕೋಣ. ಹೋಗಿ ಬರೋದು 36 ಕಿಲೋಮೀಟರ್, ವಾರಕ್ಕೆ ಮೂರು ಸಲ. ವರ್ಷಕ್ಕೆ ಸುಮಾರು 5,500. ಸಣ್ಣ ಪೆಟ್ರೋಲ್ ಗಾಡಿ ಲೋಡಲ್ಲಿ 15 ಕೊಟ್ಟರೆ ಪೆಟ್ರೋಲಿಗೆ ವರ್ಷಕ್ಕೆ 37,800 ರೂಪಾಯಿ. ಅದೇ ಅಳತೆಯ ಡೀಸೆಲ್ ಗಾಡಿ 19 ಕೊಟ್ಟರೆ 26,300. ಉಳಿಯೋದು ಹನ್ನೊಂದೂವರೆ ಸಾವಿರ. ಡೀಸೆಲ್ ಇಂಜಿನ್ನಿನ ಒಂದು ಕಾಮನ್ ರೈಲ್ ಇಂಜೆಕ್ಟರ್ ಕೆಟ್ಟರೆ ಆ ವರ್ಷದ ಉಳಿತಾಯ ಬಹುತೇಕ ಅಲ್ಲೇ ಹೋಗುತ್ತೆ. ಇನ್ನು "ಇರಲಿ, ದೊಡ್ಡದೇ ತಗೊಳ್ಳೋಣ" ಅಂತ ಒಂದೂಕಾಲು ಟನ್ನಿನ ಡೀಸೆಲ್ ಪಿಕಪ್ ತಗೊಂಡು ಅರ್ಧ ಟನ್ ತರಕಾರಿ ಹೊತ್ತರೆ, ಅದು ಕೊಡೋ 12–13ರ ಮೈಲೇಜಿಗೆ ಖರ್ಚು ಸುಮಾರು 40,000 ಆಗುತ್ತೆ, ಪೆಟ್ರೋಲ್ ಸಣ್ಣ ಗಾಡಿಗಿಂತ ಜಾಸ್ತಿ. ಮೈಲೇಜ್ ಅಂಕಿಗಳು ನನ್ನ ಮತ್ತು ಸ್ನೇಹಿತರ ಡೈರಿಯವು. ನಿಮ್ಮದು ಒಂದೆರಡು ಆಚೀಚೆ ಆಗಬಹುದು.

ನಾನು ಮಾಡಿದ ತಪ್ಪು ಇಲ್ಲೇ. 2022ರಲ್ಲಿ ಎರಡು ವರ್ಷ ಓಡಿದ್ದ ಬಿಎಸ್6 ಡೀಸೆಲ್ ಪಿಕಪ್ ತಗೊಂಡೆ. ನಮ್ಮ ಮೊಸಳೆಯಿಂದ ಹಾಸನಕ್ಕೆ ಹನ್ನೆರಡು ಕಿಲೋಮೀಟರ್. ಬೆಳಗಿನ ಜಾವ ಸ್ಟಾರ್ಟ್ ಮಾಡಿ, ಇಂಜಿನ್ ಸರಿಯಾಗಿ ಕಾಯೋ ಹೊತ್ತಿಗೆ ಮಾರ್ಕೆಟ್ ಬಂದಿರುತ್ತೆ. ಇಳಿಸಿ, ಆಫ್ ಮಾಡಿ, ಮತ್ತೆ ವಾಪಸ್. ಎಂಟು ತಿಂಗಳಾದ ಮೇಲೆ ಮೀಟರ್ ಬೋರ್ಡಲ್ಲಿ ಹಳದಿ ದೀಪ. ಅದೇನೋ ಸೆನ್ಸಾರ್ ಇರಬೇಕು ಅಂತ ಬಿಟ್ಟೆ. ಜುಲೈ ಮಳೇಲಿ 40 ಕ್ರೇಟ್ ಬೀನ್ಸ್ ಹೇರಿಕೊಂಡು ಹೊರಟಾಗ ಗಾಡಿ ಏರಲ್ಲಿ 20ರ ಮೇಲೆ ಹೋಗಲೇ ಇಲ್ಲ, ಆಕ್ಸಿಲರೇಟರ್ ಎಷ್ಟು ತುಳಿದರೂ. ಹರಾಜು ಮುಗಿದ ಮೇಲೆ ಮಾರ್ಕೆಟ್ ಮುಟ್ಟಿದೆ. ಆ ದಿನದ ಮಾಲು ಅರ್ಧ ರೇಟಿಗೆ ಹೋಯ್ತು. ಗ್ಯಾರೇಜಿನ ಬಿಲ್ 38,000.

ಆಗಿದ್ದೇನು ಅಂದ್ರೆ, 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 ಡೀಸೆಲ್ ಪಿಕಪ್‌ಗಳಲ್ಲಿ ಹೆಚ್ಚಿನವಕ್ಕೆ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಅಂತ ಒಂದು ಜರಡಿ ಇರುತ್ತೆ. ಹೊಗೆಯ ಮಸಿಯನ್ನ ಅದು ಹಿಡಿದಿಟ್ಟುಕೊಳ್ಳುತ್ತೆ. ತುಂಬಿದ ಮಸಿ ಸುಟ್ಟು ಖಾಲಿಯಾಗಬೇಕಾದ್ರೆ ಒಳಗೆ 550–600 ಡಿಗ್ರಿ ಬಿಸಿ ಬೇಕು, ಅಂದ್ರೆ ಹದಿನೈದಿಪ್ಪತ್ತು ನಿಮಿಷ ಒಂದೇ ಸಮ ಒಳ್ಳೆ ಸ್ಪೀಡಲ್ಲಿ ಗಾಡಿ ಓಡಬೇಕು. ಚನ್ನರಾಯಪಟ್ಟಣದಿಂದ ಬೆಂಗಳೂರಿಗೆ ತೆಂಗಿನಕಾಯಿ ಹೊಡೆಯೋ ಗಾಡಿಗೆ ಇದು ತಾನಾಗೇ ಆಗುತ್ತೆ, ಡ್ರೈವರ್‌ಗೆ ಗೊತ್ತೂ ಆಗಲ್ಲ. ನನ್ನಂಥ ಹನ್ನೆರಡು ಕಿಲೋಮೀಟರಿನವನಿಗೆ ಪ್ರತಿ ಸಲವೂ ಅರ್ಧಕ್ಕೇ ನಿಲ್ಲುತ್ತೆ. ಹಾಗೆ ಅರ್ಧಕ್ಕೆ ನಿಂತಾಗ ಉರಿಯದ ಡೀಸೆಲ್ ಇಂಜಿನ್ ಆಯಿಲ್‌ಗೂ ಇಳಿಯುತ್ತೆ. ನನ್ನ ಗಾಡಿ ಡಿಪ್‌ಸ್ಟಿಕ್ಕಲ್ಲಿ ಆಯಿಲ್ ಮೇಲಿನ ಗೆರೆ ದಾಟಿತ್ತು, ಮೂಸಿದರೆ ಡೀಸೆಲ್ ವಾಸನೆ. ಆಯಿಲ್ ಕಮ್ಮಿಯಾಗಿಲ್ಲ ಅಂತ ಖುಷಿಪಟ್ಟಿದ್ದೆ ನಾನು! ದೀಪ ಹತ್ತಿದ ದಿನವೇ ಚನ್ನರಾಯಪಟ್ಟಣದ ತನಕ ಹೈವೇಲಿ ಒಂದು ಸುತ್ತು ಹೊಡೆದು ಬಂದಿದ್ದರೆ ಬಹುಶಃ ಅಷ್ಟರಲ್ಲೇ ಮುಗೀತಿತ್ತು.

ಹಾಗಾದ್ರೆ ಪುಲ್ಲಿಂಗ್ ವಿಷಯ? ಪೆಟ್ರೋಲ್ ಗಾಡಿ ಏರಲ್ಲಿ ಎಳೆಯುತ್ತಾ? ಕಂಪನಿಯವರು ಹೇಳೋ ಹಾರ್ಸ್ ಪವರ್ ಬಿಡಿ, ಟಾರ್ಕ್ ನೋಡಿ, ಅದು ಎಷ್ಟು ಆರ್‌ಪಿಎಂನಲ್ಲಿ ಸಿಗುತ್ತೆ ಅನ್ನೋದನ್ನೂ ನೋಡಿ. ಚಕ್ರ ತಿರುಗಿಸೋ ಬಲ ಅದೇ. ಒಂದೇ ಅಳತೆಯ ಆಧುನಿಕ ಟರ್ಬೊ ಡೀಸೆಲ್ ಇಂಜಿನ್ ಪೆಟ್ರೋಲಿಗಿಂತ ಜಾಸ್ತಿ ಟಾರ್ಕನ್ನ ಕಡಿಮೆ ಆರ್‌ಪಿಎಂನಲ್ಲೇ ಕೊಡುತ್ತೆ, ಅದು ನಿಜ. ಆದರೆ ಡೀಸೆಲ್ ಅಂದಮಾತ್ರಕ್ಕೆ ಎಳೆಯುತ್ತೆ ಅನ್ನೋದು ತಪ್ಪು. 2005ರಲ್ಲಿ ಬಂದ ಟಾಟಾ ಏಸ್ ಗೊತ್ತಲ್ಲ, ನಮ್ಮ ಛೋಟಾ ಹಾಥಿ. ಅದರ 702 ಸಿಸಿ ಡೀಸೆಲ್ ಇಂಜಿನ್ನಿಗೆ 16 ಹಾರ್ಸ್ ಪವರ್, ಟಾರ್ಕ್ 38 ನ್ಯೂಟನ್ ಮೀಟರ್ ಅಷ್ಟೇ. 2020ರಲ್ಲಿ ಬಂದ ಏಸ್ ಗೋಲ್ಡ್ ಪೆಟ್ರೋಲಿಗೆ 694 ಸಿಸಿಯಲ್ಲೇ 30 ಹಾರ್ಸ್ ಪವರ್, ಟಾರ್ಕ್ 55. ಮಾರುತಿ ಸೂಪರ್ ಕ್ಯಾರಿಯ 1.2 ಲೀಟರ್ ಪೆಟ್ರೋಲಿಗೆ 98, ಆದ್ರೆ ಅದು ಪೂರ್ತಿ ಸಿಗೋದು 3,000 ಆರ್‌ಪಿಎಂನಲ್ಲಿ. ಅದೇ ಅಶೋಕ್ ಲೇಲ್ಯಾಂಡ್ ದೋಸ್ತ್ ಥರದ ಒಂದೂವರೆ ಲೀಟರ್ ಡೀಸೆಲ್ ತಗೊಂಡ್ರೆ 150 ದಾಟುತ್ತೆ. ಹೋಲಿಸೋದಾದ್ರೆ ಇಂಜಿನ್‌ಗೆ ಇಂಜಿನ್ ಇಟ್ಟು ಹೋಲಿಸಿ.

ಓಡಿಸೋ ರೀತಿಯೂ ಬೇರೆ. ಪೆಟ್ರೋಲ್ ಗಾಡೀನ ಲೋಡಲ್ಲಿ ಡೀಸೆಲ್ ಥರ ಗುಡುಗುಡು ಅಂತ ಮೇಲಿನ ಗೇರಲ್ಲೇ ಏರಿಸೋಕೆ ಹೋದ್ರೆ ಕ್ಲಚ್ ಸುಡುತ್ತೆ. ಏರು ಬರೋ ಮೊದಲೇ ಗೇರ್ ಇಳಿಸಿ, ಇಂಜಿನ್ ಕೂಗಲಿ ಬಿಡಿ. ಈ ಸದ್ದಿಗೆ ಹೊಂದಿಕೊಳ್ಳೋಕೆ ನನಗೆ ಎರಡು ತಿಂಗಳು ಬೇಕಾಯ್ತು.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಲೋಡ್ 700 ಕಿಲೋ ಒಳಗೆ, ದಿನಕ್ಕೆ 50 ಕಿಲೋಮೀಟರ್ ಒಳಗೆ, ವಾರದಲ್ಲಿ ಎರಡು ಮೂರು ದಿನ ಗಾಡಿ ಸುಮ್ಮನೆ ನಿಂತಿರುತ್ತೆ ಅನ್ನೋರಿಗೆ ಪೆಟ್ರೋಲ್. ಆಲೂಗೆಡ್ಡೆ, ಶುಂಠಿ, ತೆಂಗಿನಕಾಯಿ ಟನ್ ಮೀರಿ ಹೊರೋರು, ಇಲ್ಲ ಸಕಲೇಶಪುರದ ಏರಿಳಿತದಲ್ಲಿ ದಿನಾ ಓಡೋರು ಡೀಸೆಲ್ ಪಿಕಪ್ಪೇ ತಗೊಳ್ಳಿ. ಟನ್ ಲೆಕ್ಕದಲ್ಲಿ ಆಗ ಅದೇ ಅಗ್ಗ. ಭಾರ ಜಾಸ್ತಿ, ದೂರ ಕಮ್ಮಿ ಅನ್ನೋ ಮೂರನೇ ಗುಂಪು ಇದೆ: ಕೊಟ್ಟಿಗೆ ಗೊಬ್ಬರ ಹೊಡೆಯೋರು, ಊರೊಳಗೇ ಶುಂಠಿ ಸಾಗಿಸೋರು. ಅವರು 2020ರ ಏಪ್ರಿಲ್‌ಗಿಂತ ಹಿಂದಿನ ಬಿಎಸ್4 ಡೀಸೆಲ್ ಒಳ್ಳೆ ಸ್ಥಿತಿಯಲ್ಲಿ ಸಿಕ್ಕರೆ ನೋಡಬಹುದು. ಅವುಗಳಲ್ಲಿ ಸಾಮಾನ್ಯವಾಗಿ ಆ ಜರಡಿಯ ಕಾಟ ಇಲ್ಲ. ಆದ್ರೆ ಲೋಡ್ ಗಾಡಿಗೆ ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ ಎಫ್‌ಸಿ, ಆಮೇಲೆ ಪ್ರತಿ ವರ್ಷ. ಆ ಓಡಾಟಕ್ಕೂ ಖರ್ಚಿಗೂ ತಯಾರಿರಿ.

ಪೆಟ್ರೋಲಿಗೂ ತನ್ನ ಕಿರಿಕಿರಿ ಇದೆ. ಈಗ ಬಂಕಲ್ಲಿ ಸಿಗೋದು 20% ಎಥೆನಾಲ್ ಬೆರೆತದ್ದು. ಎಥೆನಾಲಿನ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಮ್ಮಿ, ಮೈಲೇಜ್ ಸ್ವಲ್ಪ ಇಳಿಯುತ್ತೆ. ನಮ್ಮದೇ ಮುಸುಕಿನ ಜೋಳದ ಥರದ ಬೆಳೆಯಿಂದ ಅದು ಬರೋದು ಅಂತ ಸಮಾಧಾನ ಮಾಡ್ಕೋಬೇಕು, ಅಷ್ಟೇ. 2023ರ ಏಪ್ರಿಲ್‌ಗಿಂತ ಹಳೆಯ ಗಾಡಿಯಾದ್ರೆ ಪೆಟ್ರೋಲ್ ಪೈಪು, ರಬ್ಬರ್ ಸೀಲುಗಳನ್ನ ಮೆಕ್ಯಾನಿಕ್ಕಿಗೆ ತೋರಿಸಿ. ಸಿಎನ್‌ಜಿ ಖರ್ಚು ಕಮ್ಮಿ, ಒಪ್ಪುತ್ತೀನಿ. ಆದ್ರೆ ಸಿಲಿಂಡರಿನ ತೂಕಕ್ಕೆ ಹೊರೋ ಭಾರ ನೂರು ಕಿಲೋದಷ್ಟು ಕಮ್ಮಿಯಾಗುತ್ತೆ, ಮೂರು ವರ್ಷಕ್ಕೊಮ್ಮೆ ಸಿಲಿಂಡರ್ ಟೆಸ್ಟ್ ಮಾಡಿಸಬೇಕು. ನೀವು ಹೋಗೋ ದಾರೀಲೇ ಬಂಕ್ ಇದ್ದು, ಬೆಳಗ್ಗೆ ಕ್ಯೂ ಇಲ್ಲದಿದ್ದರೆ ಮಾತ್ರ ಯೋಚನೆ ಮಾಡಿ.

ಗಾಡಿ ನೋಡೋಕೆ ಹೋಗುವಾಗ ಬೆಳಗ್ಗೆ ಬೇಗ ಹೋಗಿ. ಸ್ಟಾರ್ಟ್ ಮಾಡೋ ಮೊದಲು ಬಾನೆಟ್ ಒಳಗೆ ಇಂಜಿನ್ ಹತ್ತಿರ ಕೈ ಹಿಡಿದು ನೋಡಿ. ಬಿಸಿ ಇದ್ರೆ ಮಾರೋನು ಆಗಲೇ ಒಂದು ಸಲ ಸ್ಟಾರ್ಟ್ ಮಾಡಿ ಇಟ್ಟಿದ್ದಾನೆ, ತಣ್ಣಗಿದ್ದಾಗ ಏನೋ ತೊಂದರೆ ಇದೆ ಅಂತ ಲೆಕ್ಕ. ನೀಲಿ ಹೊಗೆ ಬಂದ್ರೆ ಇಂಜಿನ್ ಆಯಿಲ್ ಕುಡೀತಿದೆ. ಡೀಸೆಲ್‌ನಲ್ಲಿ ಗಟ್ಟಿ ಕಪ್ಪು ಹೊಗೆ ಅಂದ್ರೆ ಇಂಜೆಕ್ಟರ್, ಏರ್ ಫಿಲ್ಟರ್ ಕಡೆ ನೋಡಬೇಕು. ಇಂಜಿನ್ ಓಡ್ತಿರುವಾಗ ಆಯಿಲ್ ಹಾಕೋ ಮುಚ್ಚಳ ತೆಗೆಯಿರಿ. ಅಲ್ಲಿಂದ ಹೊಗೆ ಬುಸುಬುಸು ಅಂತ ಬಂದ್ರೆ ವಾಪಸ್ ಬನ್ನಿ. ಬಿಎಸ್6 ಡೀಸೆಲ್ ಆದ್ರೆ ಸೈಲೆನ್ಸರ್ ಬಾಯೊಳಗೆ ಬೆರಳು ಹಾಕಿ ಒರೆಸಿ. ಜರಡಿ ಸರಿ ಇದ್ದರೆ ಬೆರಳಿಗೆ ಮಸಿ ಹೆಚ್ಚು ಅಂಟಲ್ಲ. ಕಾಡಿಗೆ ಥರ ಬಂದ್ರೆ ಜರಡಿ ಒಡೆದಿದೆ, ಇಲ್ಲ ಯಾರೋ ಕಿತ್ತು ಹಾಕಿದ್ದಾರೆ. ಕಿತ್ತಿದ್ದು ಕಾನೂನಿಗೆ ವಿರುದ್ಧ, ಎಫ್‌ಸಿಗೆ ಹೋದಾಗ ನಿಮ್ಮ ತಲೆಗೇ ಬರುತ್ತೆ.

ಆಮೇಲೆ ಕೆಳಗೆ ಮಲಗಿ ಚಾಸಿ ನೋಡಿ. ಗೊಬ್ಬರ, ಯೂರಿಯಾ ಹೊತ್ತ ಗಾಡಿಗಳೂ ಮಂಗಳೂರು ಕಡೆ ಮೀನು ಹೊತ್ತ ಗಾಡಿಗಳೂ ಒಳಗೊಳಗೇ ತುಕ್ಕು ಹಿಡಿದಿರ್ತವೆ, ಮೇಲೆ ಹೊಸ ಪೇಂಟ್ ಫಳಫಳ. ಹಿಂದಿನ ಕಮಾನು ಪ್ಲೇಟಿಗೆ ಎಕ್ಸ್‌ಟ್ರಾ ಪ್ಲೇಟ್ ಸೇರಿಸಿದ್ದರೆ, ಚಾಸಿಗೆ ಬೆಸುಗೆ ಗುರುತಿದ್ದರೆ, ಆ ಗಾಡಿ ವರ್ಷಗಟ್ಟಲೆ ಓವರ್‌ಲೋಡ್ ಹೊತ್ತಿದೆ. ಖಾಲಿ ಗಾಡಿ ಓಡಿಸಿ ಯಾವತ್ತೂ ಮಾತು ಮುಗಿಸಬೇಡಿ. ಹತ್ತು ಮೂಟೆ ಹಾಕಿಸಿ, ಒಂದು ಏರಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಬಿಟ್ಟು ಎತ್ತಿ ನೋಡಿ. ಕ್ಲಚ್ ಎಂಥದ್ದು ಅಂತ ಮೂಗಿಗೇ ಗೊತ್ತಾಗುತ್ತೆ.

ಕಾಗದಪತ್ರದಲ್ಲಿ ಎಫ್‌ಸಿ, ಇನ್ಶೂರೆನ್ಸ್, ಟ್ಯಾಕ್ಸ್ ಮೂರರ ತಾರೀಖೂ ಓದಿ. ಆರ್‌ಸಿಯಲ್ಲಿ ಫೈನಾನ್ಸ್ ಹೆಸರಿದ್ದರೆ ಫಾರಂ 35 ಮತ್ತು ಎನ್‌ಒಸಿ ಕೈಗೆ ಬರೋ ತನಕ ಪೂರ್ತಿ ದುಡ್ಡು ಕೊಡಬೇಡಿ. ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು ಬೇಗ ಹೆಸರು ಬದಲಾಯಿಸಿ. ಒಟ್ಟು ತೂಕ 3,000 ಕಿಲೋ ಮೀರದ ಗೂಡ್ಸ್ ಗಾಡಿಗೆ ಪರ್ಮಿಟ್ ಬೇಡ. ಕಾರಿನ ಲೈಸೆನ್ಸೇ ಸಾಕಾ ಅಂತ ಎಲ್ಲರೂ ಕೇಳ್ತಾರೆ. 7,500 ಕಿಲೋ ಒಳಗಿನ ಗಾಡಿಗೆ ಎಲ್‌ಎಂವಿ ಲೈಸೆನ್ಸ್ ಸಾಕು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ. ಇನ್ಶೂರೆನ್ಸ್ ಮಾತ್ರ ಮರೀಬೇಡಿ. ಬಾಡಿಗೆಗೆ ಓಡೋ ಇಂಥ ಗಾಡಿಗೆ 2022ರಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ಪ್ರೀಮಿಯಮ್ಮೇ 16,049 ರೂಪಾಯಿ, ಜಿಎಸ್‌ಟಿ ಬೇರೆ. ಕಾರಿನ ಲೆಕ್ಕದಲ್ಲಿ ಬಂದೋರು ಇಲ್ಲಿ ಬೆಚ್ಚಿಬೀಳ್ತಾರೆ. ಬರೀ ಸ್ವಂತ ಮಾಲು ಹೊರೋದಾದ್ರೆ ದರ ಬೇರೆ ಇರುತ್ತೆ, ಪಾಲಿಸಿ ಮಾಡಿಸುವಾಗ ಕೇಳಿ.

ಫೋನ್ ಮಾಡಿದ್ದ ಅಣ್ಣನಿಗೆ ವರ್ಷಕ್ಕೆ ಬಾಡಿಗೆಯೇ 1,40,000 ಆಗ್ತಿದೆ. ಪೆಟ್ರೋಲು, ಇನ್ಶೂರೆನ್ಸ್, ಟೈರು, ಸರ್ವೀಸು ಎಲ್ಲ ಸೇರಿಸಿ 75–80 ಸಾವಿರಕ್ಕೆ ಸ್ವಂತ ಗಾಡಿ ಓಡುತ್ತೆ ಅಂತ ಕೂತು ಲೆಕ್ಕ ಹಾಕಿದೆವು. ಶುಂಠಿ ಕಿತ್ತಾಗ ಮಾತ್ರ ಒಂದು ವಾರ ದೊಡ್ಡ ಗಾಡಿ ಬಾಡಿಗೆಗೆ ತಗೊಳ್ಳಿ, ಆ ಒಂದು ವಾರಕ್ಕೋಸ್ಕರ ವರ್ಷವಿಡೀ ದೊಡ್ಡ ಗಾಡಿ ಸಾಕಬೇಡಿ ಅಂದೆ. ಹೊಳೆನರಸೀಪುರದಲ್ಲಿ 2021ರ ಪೆಟ್ರೋಲ್ ಗಾಡಿಯೊಂದು ನೋಡಿದ್ದಾರಂತೆ, ಹೇಳ್ತಿರೋದು ಮೂರು ಲಕ್ಷದ ಹತ್ತು ಸಾವಿರ. ಈ ಭಾನುವಾರ ಬೆಳಗ್ಗೆ ಆರೂವರೆಗೆ, ಮುಂಚೆ ಫೋನ್ ಮಾಡದೆ, ಇಬ್ಬರೂ ಹೋಗ್ತಿದ್ದೀವಿ.