ಊರಿಗೆ ಉಪಕಾರಿ, ಮನೆಗೆ?

ನಕ್ಕು ನಗಿಸುವ ನಟನ ಹೆಂಡತಿ ಎಷ್ಟು ಸುಖಿಯೋ ಎಂದುಕೊಳ್ಳುತ್ತೇವೆ, ಅಲ್ಲವೆ? ಇಂಗ್ಲಿಷ್ ಹಾಸ್ಯನಟ ಪೀಟರ್ ಸೆಲ್ಲರ್ಸ್‌ನ ಬದುಕನ್ನು ತೋರಿಸುವ ‘ದಿ ಲೈಫ್ ಅಂಡ್ ಡೆತ್ ಆಫ್ ಪೀಟರ್ ಸೆಲ್ಲರ್ಸ್’ (2004) ಚಿತ್ರ ನೋಡಿದವರು ಹಾಗೆನ್ನಲಾರರು.

‘ಪಿಂಕ್ ಪ್ಯಾಂಥರ್’ ಚಿತ್ರಗಳ ಪೆದ್ದು ಪತ್ತೇದಾರ ಈತನೇ. 1968ರ ‘ದಿ ಪಾರ್ಟಿ’ಯಲ್ಲಿ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ಭಾರತೀಯನಾದವನೂ ಈತನೇ. ವೇಷ ಕಳಚಿದ ಮೇಲೆ ತಾನು ಯಾರೆಂಬುದೇ ತನಗೆ ತಿಳಿಯದು ಎಂದು ಹೇಳಿಕೊಳ್ಳುತ್ತಿದ್ದನಂತೆ!

ಚಿತ್ರ ನಮ್ಮನ್ನು ಅವನ ಮನೆಯೊಳಕ್ಕೆ ಕರೆದೊಯ್ಯುತ್ತದೆ. ಅಪ್ಪನ ಹೊಸ ಕಾರಿನ ಮೇಲಿನ ಗೀರಿಗೆ ಪುಟ್ಟ ಮಗ ಪ್ರೀತಿಯಿಂದ ಬಣ್ಣ ಹಚ್ಚುತ್ತಾನೆ. ಸಿಟ್ಟಿಗೆದ್ದ ಅಪ್ಪ ಮಗುವಿನ ಆಟದ ಸಾಮಾನುಗಳನ್ನು ತುಳಿದು ಪುಡಿ ಮಾಡುತ್ತಾನೆ. ಮಗ ಏನು ಮಾಡಿದರೂ ಸರಿ ಎನ್ನುವ ತಾಯಿ ಪೆಗ್ ಒಂದು ಕಡೆ. ಸಹಿಸಿ ಸಹಿಸಿ ಕೊನೆಗೆ ದೂರವಾಗುವ ಮೊದಲ ಹೆಂಡತಿ ಆ್ಯನ್ ಇನ್ನೊಂದು ಕಡೆ.

ಸೆಲ್ಲರ್ಸ್ ಆಗಿ ಅಭಿನಯಿಸಿದವರು ಜೆಫ್ರಿ ರಶ್. ನಡುನಡುವೆ ಅವರೇ ತಾಯಿಯ, ಹೆಂಡತಿಯ ವೇಷ ಹಾಕಿ ಮಾತಾಡುತ್ತಾರೆ. ಮನೆಯವರ ಬಾಯಲ್ಲೂ ತನಗೆ ಬೇಕಾದ ಮಾತನ್ನೇ ಆಡಿಸುವ ಗಂಡಸಿನ ಚಿತ್ರ ಇದಕ್ಕಿಂತ ಚೆನ್ನಾಗಿ ಇನ್ನು ಹೇಗೆ ಬಂದೀತು?

ನಾಲ್ಕು ಮದುವೆಗಳ ಈ ಕಲಾವಿದ 1980ರಲ್ಲಿ, 54ನೆಯ ವಯಸ್ಸಿನಲ್ಲಿ, ಹೃದಯಾಘಾತದಿಂದ ತೀರಿಕೊಂಡ. ಅವನ ಒಂಟಿತನ ಕಂಡು ಅಯ್ಯೋ ಅನ್ನಿಸುತ್ತದೆ, ನಿಜ. ಆದರೆ ಆ ಮಗುವಿನ ಮುರಿದ ಆಟಿಕೆಗಳೂ ಕಣ್ಣಿಗೆ ಕಟ್ಟಿದಂತಿರುತ್ತವೆ. ಕಲೆ ದೊಡ್ಡದೇ, ಮನೆಯವರ ಕಣ್ಣೀರೇನು ಸಣ್ಣದೆ?