ಕಾರ್ಬೈಡ್ ಬೇಡ, ಆಲೂಗಡ್ಡೆ ಸಾಕು

‘ಅಕ್ಕಾ, ನೀನು ಇಂಜಿನಿಯರಿಂಗ್ ಓದೋದಲ್ವಾ? ಹಂಗಾದ್ರೆ ನಂಗೊಂದು ಗನ್ ಮಾಡ್ಕೊಡು.’

ಹಬ್ಬದ ರಜೆಗೆ ಊರಿಗೆ ಹೋದಾಗ ಐದನೇ ಕ್ಲಾಸಿನ ಪುಟ್ಟ, ಅಂದರೆ ನನ್ನ ಚಿಕ್ಕಪ್ಪನ ಮಗ, ಮೊಬೈಲ್ ಹಿಡಿದುಕೊಂಡೇ ಎದುರಿಗೆ ಬಂದು ನಿಂತ. ಅವನು ತೋರಿಸಿದ ರೀಲ್ಸ್‌ನಲ್ಲಿದ್ದದ್ದು ಕಾರ್ಬೈಡ್ ಗನ್. ಕ್ಯಾಲ್ಸಿಯಂ ಕಾರ್ಬೈಡ್‌ಗೆ ನೀರು ತಾಗಿದರೆ ಅಸಿಟಿಲೀನ್ ಅನಿಲ ಹುಟ್ಟುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣವನ್ನೇ ಕತ್ತರಿಸುವ ಅನಿಲವದು. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಇಂಥ ಗನ್‌ಗಳಿಂದ ನೂರಕ್ಕೂ ಹೆಚ್ಚು ಮಂದಿ ಕಣ್ಣಿಗೆ ಗಾಯ ಮಾಡಿಕೊಂಡರು. ಅವರಲ್ಲಿ ಹೆಚ್ಚಿನವರು ಮಕ್ಕಳು, ಕೆಲವರಿಗೆ ದೃಷ್ಟಿಯೇ ಹೋಯಿತು. ಗನ್ ಹಾರಲಿಲ್ಲವೆಂದು ಪೈಪಿನೊಳಗೆ ಇಣುಕಿದಾಗ ಸಿಡಿದ ಪ್ರಕರಣಗಳೂ ಅದರಲ್ಲಿದ್ದವು.

‘ಬೇಡ’ ಎಂದಷ್ಟೇ ಹೇಳಿದರೆ ಅವನು ಪಕ್ಕದ ಕೇರಿಯ ಹುಡುಗರ ಜೊತೆ ಸೇರಿಕೊಳ್ಳುತ್ತಾನೆಂದು ನನಗೆ ಗೊತ್ತಿತ್ತು. ಅಲ್ಲಿ ಯಾರೂ ‘ಇಣುಕಬೇಡ’ ಅನ್ನುವುದಿಲ್ಲ. ಹಾಗಾಗಿ, ‘ಬೆಂಕಿ ಇಲ್ಲದೆ ಢಂ ಅನ್ನಿಸೋಣ, ಬಾ’ ಎಂದೆ.

ಬೇಕಾದ ಸಾಮಾನೆಲ್ಲ ಮನೆಯಲ್ಲೇ ಇತ್ತು. ವೈರಿಂಗ್ ಮಾಡಿಸಿದಾಗ ಉಳಿದಿದ್ದ ಪಿವಿಸಿ ಪೈಪಿನ 30 ಸೆಂ.ಮೀ. ತುಂಡು, ಅದರೊಳಗೆ ಸಲೀಸಾಗಿ ಓಡುವಂತೆ ಕೆತ್ತಿದ ಅಡಿಕೆ ದಬ್ಬೆಯ ಕೋಲು, ಎರಡು ಆಲೂಗಡ್ಡೆ. ಕೋಲಿನ ಹಿಡಿಯ ಹತ್ತಿರ ದಪ್ಪಕ್ಕೆ ಬಟ್ಟೆ ಸುತ್ತಿದೆವು. ಕೋಲು 28 ಸೆಂ.ಮೀ. ಒಳಹೋದ ಮೇಲೆ ಅಲ್ಲೇ ನಿಲ್ಲಬೇಕು, ಕೈಗೂ ಪೆಟ್ಟಾಗಬಾರದು.

ಆಲೂಗಡ್ಡೆಯನ್ನು ಒಂದೂವರೆ ಸೆಂ.ಮೀ. ದಪ್ಪದ ಬಿಲ್ಲೆಗಳಾಗಿ ಹೆಚ್ಚಿ, ಪೈಪಿನ ಒಂದು ತುದಿಯನ್ನು ಒಂದು ಬಿಲ್ಲೆಗೆ, ಇನ್ನೊಂದು ತುದಿಯನ್ನು ಮತ್ತೊಂದಕ್ಕೆ ಒತ್ತಿದೆವು. ಎರಡೂ ಕಡೆ ಬಿರಡೆ ಬಿತ್ತು. ಹಿಂದಿನ ಬಿರಡೆಯನ್ನು ಕೋಲಿನಿಂದ ಜೋರಾಗಿ ತಳ್ಳಿದ ಕೂಡಲೇ ‘ಟಪ್!’ ಮುಂದಿನದು ಅಂಗಳ ದಾಟಿ ತುಳಸಿಕಟ್ಟೆಯ ಆಚೆ ಬಿತ್ತು. ಹಿಂದಿನದು ಪೈಪಿನ ಬಾಯಿಯಲ್ಲೇ ಉಳಿಯಿತು. ಮುಂದಿನ ಗುಂಡು ಅದೇ!

‘ಒಳಗೆ ಏನೂ ಇರ್ಲಿಲ್ವಲ್ಲ ಅಕ್ಕಾ, ತಳ್ಳಿದ್ಯಾರು?’

‘ಗಾಳಿ ಇತ್ತಲ್ಲ’ ಎಂದೆ. ಗಾಳಿಯ ಜಾಗ ಅರ್ಧವಾದರೆ ಒತ್ತಡ ಎರಡರಷ್ಟಾಗುತ್ತದೆ ಎಂಬುದು ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ನಿಯಮ. ನಮ್ಮ ಪೈಪಿನ ಒಳವ್ಯಾಸ 16 ಮಿ.ಮೀ., ಅಂದರೆ ಬಿರಡೆಯ ಮುಖ ಸುಮಾರು 2 ಚದರ ಸೆಂ.ಮೀ. ಕೋಲು ಅರ್ಧ ದಾರಿ ತಲುಪುವಷ್ಟರಲ್ಲಿ ಆ ಪುಟ್ಟ ಬಿರಡೆಯ ಮೇಲೆ 2 ಕೆ.ಜಿ. ತೂಕದಷ್ಟು ನೂಕುಬಲ ಬೀಳುತ್ತದೆ. ಪೈಪಿಗೆ ಅಂಟಿಕೊಂಡಿರುವ ಹಿಡಿತ ಸೋತ ಕ್ಷಣವೇ ಆ ಸದ್ದು. ನಾವು ಈ ಲೆಕ್ಕವನ್ನು ಪರೀಕ್ಷೆಗೆಂದು ಎಷ್ಟೋ ಸಲ ಬರೆದಿದ್ದೇವೆ. ಅದರ ಸದ್ದು ಕೇಳಿದ್ದು ನನಗೂ ಅದೇ ಮೊದಲು.

ಆಲೂಗಡ್ಡೆಯೇ ಯಾಕೆ? ಪೈಪಿನ ಅಂಚೇ ಅದನ್ನು ಕತ್ತರಿಸುವುದರಿಂದ ಅಳತೆ ತಪ್ಪುವುದಿಲ್ಲ. ಅದರ ಹಸಿರಸ ಸಂದಿ ಮುಚ್ಚಿ ಗಾಳಿ ಸೋರದಂತೆ ತಡೆಯುತ್ತದೆ. ಬೈಕಿನ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗ್ ಮಾಡುವ ಕೆಲಸವೂ ಇದೇ. ಸಂಜೆಯ ಹೊತ್ತಿಗೆ ಬಾಡಿದ ಬಿಲ್ಲೆ ಹಾಕಿದಾಗ ‘ಟಪ್’ ಬದಲು ‘ಪುಸ್’ ಎಂದಿತು. ಕಾರಣವನ್ನು ಪುಟ್ಟ ತಾನೇ ಹೇಳಿದ.

ಎರಡನೇ ದಿನ ಅವನ ಕೈಯಲ್ಲಿ ನೋಟ್‌ಬುಕ್ ಇತ್ತು. ಪೈಪನ್ನು ನೆಟ್ಟಗೆ ಹಿಡಿದರೆ 13 ಹೆಜ್ಜೆ, ಓರೆಯಾಗಿ ಮೇಲಕ್ಕೆ ಹಿಡಿದರೆ 27. ಜಾಮಿಟ್ರಿ ಬಾಕ್ಸಿನ ಕೋನಮಾಪಕ ಇಟ್ಟು ನೋಡಿದಾಗ ಅದು ಸುಮಾರು 45 ಡಿಗ್ರಿ. ನಿಯಮಗಳನ್ನೂ ಅವನೇ ಬರೆದ: ಮನುಷ್ಯರಿಗೆ, ದನಕ್ಕೆ, ನಾಯಿಗೆ ಗುರಿ ಇಡಬಾರದು. ಪೈಪಿನೊಳಗೆ ಇಣುಕಬಾರದು. ಕನ್ನಡಕ ಹಾಕದವರಿಗೆ ಆಟವಿಲ್ಲ. ನನ್ನ ವರ್ಕ್‌ಶಾಪಿನ ಸೇಫ್ಟಿ ಕನ್ನಡಕ ರಜೆ ಮುಗಿಯುವವರೆಗೂ ಅವನ ಮೂಗಿನ ಮೇಲೇ ಇತ್ತು.

ಜಗಲಿಯಲ್ಲಿ ಕೂತು ನೋಡುತ್ತಿದ್ದ ಅಜ್ಜ, ‘ಇದು ನಮ್ ಪೆಟ್ಲೇ ಅಲ್ದನೇ ಮಾರಾಯ್ತಿ!’ ಎಂದರು. ಅವರ ಕಾಲಕ್ಕೆ ವಾಟೆ ಬಿದಿರಿನ ಕೊಳವೆಗೆ ಕಾಡಿನ ಹಸಿ ಕಾಯಿ ತುಂಬಿ ಹೊಡೆಯುತ್ತಿದ್ದರಂತೆ. ಛತ್ತೀಸಗಢದ ಜಗದಲಪುರದಲ್ಲಿ ರಥಯಾತ್ರೆಯ ಹೊತ್ತಿಗೆ ನಡೆಯುವ ಗೋಂಚಾ ಹಬ್ಬದಲ್ಲಿ ಇಂದಿಗೂ ಜನ ಇಂಥದೇ ಬಿದಿರಿನ ಕೋವಿ ಹಾರಿಸುತ್ತಾರೆ. ಅದರ ಹೆಸರು ತುಪಕಿ. ನಮ್ಮ ತುಪಾಕಿಯ ನೆಂಟನೇ ಇರಬೇಕು!

ಗೆಳೆಯರೇ, ‘ಬಿಇ ಮಾಡಿ ಏನು ಬಂತು’ ಎಂಬ ಪ್ರಶ್ನೆಯನ್ನು ನಾವೆಲ್ಲ ಕೇಳಿಸಿಕೊಂಡಿದ್ದೇವೆ. ಪ್ಲೇಸ್‌ಮೆಂಟ್ ಯಾವಾಗ ಆಗುತ್ತದೋ ಗೊತ್ತಿಲ್ಲ. ಆದರೆ ರೀಲ್ಸ್ ನೋಡಿ ಕೈ ತುರಿಸುವ ಒಬ್ಬ ತಮ್ಮನೋ ತಂಗಿಯೋ ನಮ್ಮೆಲ್ಲರ ಮನೆಯಲ್ಲೂ ಇದ್ದಾರೆ. ಅವರಿಗೆ ಬೇಕಾಗಿರುವುದು ಸದ್ದು, ಬೆಂಕಿಯಲ್ಲ. ಯಾವುದು ಅಪಾಯ, ಯಾಕೆ ಅಪಾಯ ಎಂದು ಬಿಡಿಸಿ ಹೇಳಿ, ಬದಲಿಗೆ ಇನ್ನೊಂದನ್ನು ಕೈಗೆ ಕೊಡುವಷ್ಟು ವಿದ್ಯೆ ನಮಗಿದೆ. ಮುಂದಿನ ದೀಪಾವಳಿಗೆ ಊರಿಗೆ ಹೋಗುವಾಗ ಪಟಾಕಿ ಡಬ್ಬಿಯ ಜೊತೆ ಒಂದು ಗೇಣುದ್ದದ ಪೈಪೂ ನಿಮ್ಮ ಬ್ಯಾಗಿನಲ್ಲಿರಲಿ.