ಕೆಂಪು ಹೆಬ್ಬಾವು, ಕಂದು ಹೆಬ್ಬಾವು

ತಿ. ನರಸೀಪುರದ ಓದುಗರೊಬ್ಬರ ಪ್ರಶ್ನೆ: ‘ವಿದೇಶದಲ್ಲಿ ಯಾರೋ ಸಾಕಿದ ರಕ್ತಗೆಂಪಿನ ಹೆಬ್ಬಾವಿನ ಫೋಟೊ ಮೊಬೈಲಿಗೆ ಬಂದಿತ್ತು. ಆ ಬಣ್ಣ ನಿಜವೇ? ನಮ್ಮ ಕಬ್ಬಿನ ಗದ್ದೆಯ ಹೆಬ್ಬಾವು ಯಾಕೆ ಹಾಗಿಲ್ಲ?’

ಬಣ್ಣ ನಿಜ, ಫೋಟೊದಲ್ಲಿ ಒಂದಿಷ್ಟು ಏರಿಸಿರಲೂಬಹುದು. ಅದು ಬ್ಲಡ್ ಪೈಥಾನ್, ಸುಮಾತ್ರಾ ಮತ್ತು ಮಲಯ ಪರ್ಯಾಯದ್ವೀಪದ ಜೌಗು ನೆಲದ ಗಿಡ್ಡ, ದಪ್ಪ ಹಾವು. 1938ರಲ್ಲಿ ಆಲಿವ್ ಸ್ಟಲ್ ಎಂಬ ವಿಜ್ಞಾನಿ ಅದಕ್ಕೆ ಡಚ್ ಪ್ರಾಣಿಶಾಸ್ತ್ರಜ್ಞ ಬ್ರೊಂಗರ್ಸ್ಮಾ ಅವರ ಹೆಸರಿಟ್ಟರು. ಬಹುಕಾಲ ಉಪಜಾತಿಯೆಂದೇ ಎಣಿಕೆಯಾಗಿದ್ದ ಇದಕ್ಕೆ ಸ್ವತಂತ್ರ ಪ್ರಭೇದದ ಸ್ಥಾನ ಸಿಕ್ಕಿದ್ದು 2001ರಲ್ಲಿ. ನಮ್ಮ ಹೆಬ್ಬಾವಿಗಾದರೋ 1758ರಲ್ಲೇ ಲಿನೇಯಸ್ ನಾಮಕರಣ ಮಾಡಿದ್ದ.

ಹಾವಿನ ಮೈಯಲ್ಲಿ ಬಣ್ಣ ಬೇರೆ, ಹೊಳಪು ಬೇರೆ. ಇದನ್ನು ಅರಿಯಲು ನರಸೀಪುರದವರು ದೂರ ಹೋಗಬೇಕಿಲ್ಲ. ಮೈಸೂರು ರೇಷ್ಮೆಗೆ ನೂಲು ಬಿಚ್ಚುವ ಸರ್ಕಾರಿ ಕಾರ್ಖಾನೆ ಅಲ್ಲೇ ಇದೆ. ಗೂಡಿನಿಂದ ಬಿಚ್ಚಿದ ನೂಲನ್ನು ಕುದಿಸಿ ಅಂಟು ತೆಗೆದರೆ, ಬಣ್ಣಕ್ಕೆ ಅದ್ದುವ ಮೊದಲೇ ಅದು ಮಿರುಗುತ್ತದೆ. ಎಳೆಯ ಅಡ್ಡಕೊಯ್ತ ಹೆಚ್ಚುಕಡಿಮೆ ತ್ರಿಕೋನ. ಅದರ ಚಪ್ಪಟೆ ಬದಿಗಳಿಂದ ಬೆಳಕು ಚಿಮ್ಮುತ್ತದೆ. ಸೀರೆಯ ಕೆಂಪು, ಹಸಿರು ಬಂದದ್ದು ಬಣ್ಣದ ಹಂಡೆಯಿಂದ. ಮಿರುಗು ಬಂದದ್ದು ಎಳೆಯ ಆಕಾರದಿಂದ. ಬಣ್ಣ ಮಾಸಿದ ಹಳೆಯ ಸೀರೆಯೂ ಬೆಳಕಿಗೆ ಹಿಡಿದರೆ ಮಿರುಗುವುದು ಅದಕ್ಕೇ.

ಹಾವಿನ ಬಣ್ಣದ ಹಂಡೆಗಳಿರುವುದು ಚರ್ಮದ ಒಳಗೆ, ವರ್ಣಕೋಶಗಳಲ್ಲಿ. ಕಪ್ಪು ಕಂದುಗಳಿಗೆ ಮೆಲನಿನ್; ಹಳದಿ ಕೆಂಪುಗಳಿಗೆ ಟೆರಿಡಿನ್ ಮತ್ತು ಕ್ಯಾರೊಟಿನಾಯ್ಡ್. ಬ್ಲಡ್ ಪೈಥಾನಿನಲ್ಲಿ ಕೆಂಪಿನ ಕೈ ಮೇಲು, ನಮ್ಮದರಲ್ಲಿ ಕಂದಿನ ಕೈ ಮೇಲು. ಬಿಸಿಲಿಗೆ ಬಂದ ಹೆಬ್ಬಾವಿನ ಮೇಲೆ ಓಡಾಡುವ ನೀಲಿ ನೇರಳೆ ಛಾಯೆ ಮಾತ್ರ ಯಾವ ಹಂಡೆಯದೂ ಅಲ್ಲ, ಹುರುಪೆಗಳ ಹೊರಮೈಯ ಅತಿ ಸೂಕ್ಷ್ಮ ರಚನೆಯದು. ಹಾವು ಪೊರೆ ಬಿಟ್ಟಾಗ ಬಣ್ಣ ಬಹುಪಾಲು ಮೈಯಲ್ಲೇ ಉಳಿದು, ಮಚ್ಚೆಗಳ ಮಸುಕು ಗುರುತಷ್ಟೇ ಪೊರೆಗೆ ಬರುತ್ತದೆ.

ಆ ಪೊರೆಯಲ್ಲಿ ಡಿಎನ್‌ಎ ಕೂಡ ಇರುತ್ತದೆ. ಅಮೆರಿಕದ ಈಸ್ಟರ್ನ್ ಮಿಷಿಗನ್ ವಿಶ್ವವಿದ್ಯಾಲಯದವರು ಬಾಲ್ ಪೈಥಾನ್ ಎಂಬ ಇನ್ನೊಂದು ಬಗೆಯ ಹೆಬ್ಬಾವನ್ನು ಸಾಕಿದವರಿಂದ ಪೊರೆ ತರಿಸಿ ಪರೀಕ್ಷಿಸಿ, 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಪ್ಪು ಕಳೆದುಕೊಂಡ ಮೂರು ಬಗೆಯ ಹಾವುಗಳಲ್ಲಿ ಮೂರು ಬೇರೆ ಬೇರೆ ಜೀನ್‌ಗಳು ಕೆಟ್ಟಿದ್ದವು. ಮನುಷ್ಯರಲ್ಲಿ ಆಲ್ಬಿನಿಸಂ ತರುವುದೂ ಇವೇ ಜೀನ್‌ಗಳು. ‘ಅಪರೂಪದ ಹೊಸ ಬಣ್ಣ’ ಎಂದು ಸಾವಿರಾರು ರೂಪಾಯಿಗೆ ಮಾರುವುದು ಎಷ್ಟೋ ಸಲ ಕೆಲಸ ನಿಲ್ಲಿಸಿದ ಒಂದು ಜೀನನ್ನು! ಕಾಡಿನಲ್ಲಿ ಅಂಥ ಬಿಳಿ ಹಳದಿ ಮರಿ ಹದ್ದಿನ ಕಣ್ಣಿಗೆ ಬೇಗ ಬೀಳುತ್ತದೆ.

ನಮ್ಮ ಹೆಬ್ಬಾವಿನ ಕಂದನ್ನು ನಾನು ಮೆಚ್ಚುವುದು ಇಲ್ಲಿಯೇ. ಅದು ಬೇಟೆಯನ್ನು ಅಟ್ಟಿಸಿಕೊಂಡು ಹೋಗುವುದಕ್ಕಿಂತ ಹೆಚ್ಚಾಗಿ ಬಿದ್ದಲ್ಲೇ ಕಾಯುವ ಹಾವು. ಕಪಿಲೆಯ ದಡದ ಕಬ್ಬಿನ ಗದ್ದೆಯಲ್ಲಿ, ಒಣಗಿದ ಸೋಗೆಯ ಮೇಲೆ, ಅಂಕುಡೊಂಕು ಮಚ್ಚೆಗಳು ಅದರ ಉದ್ದನೆಯ ಮೈಯನ್ನು ತುಂಡು ತುಂಡಾಗಿ ಕಾಣಿಸುತ್ತವೆ. ಕಬ್ಬು ಕಡಿಯುವವರಿಗೆ ಹಾವು ಕಾಣುವುದು ಅದು ಅಲುಗಿದ ಮೇಲೆ.

ಇದನ್ನು ಸಾಕಿ ಫೋಟೊ ತೆಗೆಯುವ ಆಸೆ ಬೇಡ. 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ, ಹಿಡಿದಿಡುವುದು ಅಪರಾಧ. ವಿದೇಶಿ ಹೆಬ್ಬಾವು ಸಾಕುವವರಿಗೂ 2022ರ ತಿದ್ದುಪಡಿಯ ಪ್ರಕಾರ ನೋಂದಣಿ ಕಡ್ಡಾಯ. ಗದ್ದೆಯಲ್ಲಿ ಹೆಬ್ಬಾವು ಕಂಡರೆ ದೂರದಿಂದಲೇ ಫೋಟೊ ತೆಗೆಯಿರಿ. ಹೆಬ್ಬಾವಿನ ಮರಿ ಎಂದು ವಿಷದ ಹಾವು ಕೊಳಕುಮಂಡಲದ ಹತ್ತಿರ ಹೋದವರುಂಟು. ಮಂಡಲದ ಬೆನ್ನ ಮೇಲೆ ಅಚ್ಚುಕಟ್ಟಾದ ದುಂಡು ಮಚ್ಚೆಗಳ ಮೂರು ಸಾಲು. ಹೆಬ್ಬಾವಿನ ಮಚ್ಚೆಗೆ ಆ ಶಿಸ್ತಿಲ್ಲ. ಅನುಮಾನವಿದ್ದರೆ ಮಚ್ಚೆ ಎಣಿಸುತ್ತ ನಿಲ್ಲದೆ ಹಿಂದೆ ಸರಿದು ಅರಣ್ಯ ಇಲಾಖೆಗೆ ತಿಳಿಸಿ. ಮೊಬೈಲಿನಲ್ಲಿ ಜೂಮ್ ಕೊಟ್ಟಿರುವುದು ಇಂಥದ್ದಕ್ಕೇ.